ನಿಮ್ಮ ಪ್ರಶ್ನೆ: ಟ್ಯಾಬ್ ತಗೊಳ್ಳೋದಾ, ಇ-ರೀಡರ್ ತಗೊಳ್ಳೋದಾ?

ಹೋದ ಸಂಚಿಕೇಲಿ ಪ್ರಯಾಣದಲ್ಲಿ ಏನು ಓದ್ತೀರಿ ಅಂತ ಕೇಳಿದ್ದೆ, ಉತ್ತರಕ್ಕಿಂತ ಜಾಸ್ತಿ ಪ್ರಶ್ನೆಗಳೇ ಬಂದ್ವು, ಅದರಲ್ಲೂ ಹೆಚ್ಚಿನವು ಟ್ಯಾಬ್ ಕೊಳ್ಳೋದಾ ಇಲ್ಲಾ ಅಮೆಜಾನ್‌ನ ಕಿಂಡಲ್ ಥರ ಪುಸ್ತಕ ಓದೋಕಂತಲೇ ಇರೋ ಇ-ರೀಡರ್ ಕೊಳ್ಳೋದಾ ಅನ್ನೋದು. ಅಂಗಡಿಯವರನ್ನ ಕೇಳಿದ್ರೆ ಬ್ಯಾಟರಿ, ರ‍್ಯಾಮ್, ಸ್ಕ್ರೀನ್ ಅಂತ ಶುರು ಮಾಡ್ತಾರೆ. ನಾನು ಶುರು ಮಾಡೋದು ಬೇರೆ ಕಡೆಯಿಂದ: ನೀವು ಓದೋ ಪುಸ್ತಕ ಯಾವ ಭಾಷೇದು, ಅದು ನಿಮಗೆ ಎಲ್ಲಿಂದ ಸಿಗತ್ತೆ? ಇದಕ್ಕೆ ಉತ್ತರ ಸಿಕ್ಕಿದ್ರೆ ಉಳಿದಿದ್ದು ಬಹುತೇಕ ತಾನಾಗೇ ಬಗೆಹರಿಯತ್ತೆ. ಆರು ಪತ್ರ ಆರಿಸ್ಕೊಂಡಿದ್ದೀನಿ.

ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ, ವಯಸ್ಸು 68, ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಓದುವುದು ಹೆಚ್ಚಾಗಿ ಕನ್ನಡ: ಕಾದಂಬರಿ, ಆತ್ಮಕಥೆ, ಇಂಟರ್ನೆಟ್ಟಿನಲ್ಲಿ ಸಿಗುವ ಹಳೆಯ ಪುಸ್ತಕಗಳ ಸ್ಕ್ಯಾನ್. ವರ್ಷಕ್ಕೆ ಎರಡು ಸಲ ಪುಣೆಯಲ್ಲಿರುವ ಮಗಳ ಮನೆಗೆ ರೈಲಿನಲ್ಲಿ ಹೋಗಿಬರುತ್ತೇವೆ. ಮಗಳು ಕಿಂಡಲ್ ಕೊಡಿಸುತ್ತೇನೆ ಅನ್ನುತ್ತಾಳೆ, ಅಳಿಯಂದಿರು ಟ್ಯಾಬ್ ಒಳ್ಳೆಯದು ಅನ್ನುತ್ತಾರೆ. ಯಾರ ಮಾತು ಕೇಳಲಿ? (ಸಾಗರ)

ಮೇಷ್ಟ್ರೇ, ಈ ಸಲ ಅಳಿಯಂದಿರ ಮಾತು ಕೇಳಿ. ಮಗಳು ಹೇಳ್ತಿರೋದ್ರಲ್ಲೂ ಅರ್ಥ ಇದೆ, ಕಣ್ಣಿಗೆ ಹಿತ ಅನ್ನೋ ಕಾರಣಕ್ಕೇ ಅವರು ಕಿಂಡಲ್ ಅಂತಿರೋದು, ಅದು ನಿಜ ಕೂಡ. ಇ-ರೀಡರ್ ಸ್ಕ್ರೀನ್ ಟಿವಿ ಥರ ಹಿಂದಿನಿಂದ ಬೆಳಕು ಕಾರಲ್ಲ. ಅದರೊಳಗೆ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳಿರ್ತವೆ, ಒಂದೊಂದರಲ್ಲೂ ಕಪ್ಪು ಬಿಳಿ ಕಣಗಳು, ಕರೆಂಟ್ ಕೊಟ್ಟಾಗ ಕಪ್ಪು ಮೇಲೆ ಬರತ್ತೆ ಇಲ್ಲಾ ಬಿಳಿ ಮೇಲೆ ಬರತ್ತೆ, ಬಂದ ಮೇಲೆ ಅಲ್ಲೇ ಕೂತಿರತ್ತೆ. ಅಂದ್ರೆ ಅಕ್ಷರ ತೋರ್ಸೋಕೆ ಬ್ಯಾಟರಿ ಖರ್ಚಾಗೋದು ಪುಟ ತಿರುಗಿಸಿದಾಗ ಮಾತ್ರ, ಓದ್ತಾ ಕೂತಾಗ ಅದು ಅಚ್ಚಾದ ಹಾಳೆಯ ಹಾಗೇ ಸುಮ್ಮನೆ ಇರತ್ತೆ, ಹೊರಗಿನ ಬೆಳಕಲ್ಲೇ ಕಾಣ್ಸತ್ತೆ, ಕತ್ತಲಾದ್ರೆ ಅಂಚಿನಲ್ಲಿರೋ ಪುಟ್ಟ ದೀಪಗಳು ಹಾಳೆ ಮೇಲೆ ಬೆಳಕು ಹರಡ್ತವೆ. ಜಗಲಿ ಮೇಲೆ ಬಿಸಿಲಲ್ಲಿ ಕೂತು ಓದೋಕೆ ಇದಕ್ಕಿಂತ ಒಳ್ಳೇದು ಇಲ್ಲ.

ಆದರೆ ನೀವು ಓದೋದು ಕನ್ನಡ, ತೊಂದರೆ ಅಲ್ಲಿದೆ. ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕ ಶುರು ಮಾಡ್ದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಅಂತ ಐದು ಭಾಷೆ ತಗೊಂಡ್ರು, ಕನ್ನಡ ಅದರಲ್ಲಿ ಇರ್ಲಿಲ್ಲ. ನಮ್ಮ ಪ್ರಕಾಶಕರ ಇ-ಪುಸ್ತಕಗಳು ಹಾಗಾಗಿ ಬೇರೆ ದಾರೀಲಿ ಬೆಳೆದ್ವು, ಮೈಲ್ಯಾಂಗ್‌ನಲ್ಲಿ, ವಿವಿಡ್‌ಲಿಪಿಯಲ್ಲಿ, ಗೂಗಲ್ ಪ್ಲೇ ಬುಕ್ಸ್‌ನಲ್ಲಿ. ಇವು ಓಡೋದು ಫೋನಲ್ಲಿ, ಟ್ಯಾಬಲ್ಲಿ. ಕಿಂಡಲ್ ಮೇಲೆ ಮೈಲ್ಯಾಂಗ್ ಆ್ಯಪ್ ಹಾಕೋಕೆ ಆಗಲ್ಲ. ನೀವು ದುಡ್ಡು ಕೊಟ್ಟು ಕಿಂಡಲ್ ತಗೊಂಡು ಆಮೇಲೆ ಕನ್ನಡ ಪುಸ್ತಕ ಎಲ್ಲಿ ಅಂತ ಹುಡುಕ್ತಾ ಕೂರೋದು ನನಗೆ ಇಷ್ಟ ಇಲ್ಲ.

ಇನ್ನು ಸ್ಕ್ಯಾನ್ ಪುಸ್ತಕಗಳ ವಿಷಯ, ಇದನ್ನ ಸ್ವಲ್ಪ ಅಳತೆ ಹಿಡಿದೇ ಹೇಳ್ತೀನಿ. ನಮ್ಮ ಕಾದಂಬರಿಗಳು ಸಾಮಾನ್ಯವಾಗಿ ಡೆಮಿ ಒಂದು ಬೈ ಎಂಟು ಅಳತೇಲಿ ಅಚ್ಚಾಗ್ತವೆ, ಅಗಲ ಹತ್ರತ್ರ 14 ಸೆಂಟಿಮೀಟರ್, ಎತ್ತರ 21.5. ಹತ್ತು ಇಂಚಿನ ಉದ್ದನೆ ಟ್ಯಾಬ್ ನೆಟ್ಟಗೆ ಹಿಡ್ಕೊಂಡ್ರೆ ಅದರ ಸ್ಕ್ರೀನ್ ಹೆಚ್ಚುಕಮ್ಮಿ ಅಷ್ಟೇ ಅಗಲ, ಅಷ್ಟೇ ಎತ್ತರ, ಪುಟ ಅಚ್ಚಾದ ಸೈಜಲ್ಲೇ ಕೂರತ್ತೆ. ಆರು ಇಂಚಿನ ಇ-ರೀಡರ್ ಸ್ಕ್ರೀನ್ 9 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರ. ಅದರಲ್ಲಿ ಅದೇ ಪುಟ ತುರುಕಿದ್ರೆ ಅರ್ಧಕ್ಕಿಂತ ಚೂರು ಜಾಸ್ತಿ ಸೈಜಿಗೆ ಕುಗ್ಗತ್ತೆ, 11 ಪಾಯಿಂಟ್ ಅಕ್ಷರ ಆರು ಪಾಯಿಂಟ್ ಆಗತ್ತೆ. ಇಂಗ್ಲಿಷ್ ಆದ್ರೆ ಕಣ್ಣು ಕಿರಿದು ಮಾಡಿ ಹೇಗೋ ಓದಬಹುದು, ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು ಬೇರೆ ಇದೆ, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಆರು ಪಾಯಿಂಟಲ್ಲಿ 'ಷ್ಟ' ಯಾವುದು 'ಷ್ಠ' ಯಾವುದು ಅಂತ ಗೊತ್ತಾಗಲ್ಲ. ಸ್ಕ್ಯಾನ್ ಅಂದ್ರೆ ಅದು ಫೋಟೋ, ಅಕ್ಷರ ದೊಡ್ಡದು ಮಾಡಿದ್ರೆ ಸಾಲು ಪರದೆಯಿಂದ ಆಚೆ ಹೋಗತ್ತೆ, ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೀಬೇಕು. ಪೊರೆ ಆಪರೇಷನ್ ಆದ ಕಣ್ಣಿಗೆ ಇದು ಬೇಡ.

ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಹಳೇ ಕನ್ನಡ ಪುಸ್ತಕಗಳ ರಾಶಿನೇ ಇದೆ ಅಂತ ನಿಮಗೆ ಗೊತ್ತಿರತ್ತೆ, ನಮ್ಮಲ್ಲಿ ಕಾಪಿರೈಟ್ ಲೇಖಕರು ತೀರಿಕೊಂಡ ಮೇಲೆ 60 ವರ್ಷ, ಆಮೇಲೆ ಪುಸ್ತಕ ಎಲ್ಲರದ್ದು. ಆ ಫೈಲುಗಳು ಒಂದೊಂದೂ ಭಾರೀ ದೊಡ್ಡದಿರ್ತವೆ, ಅದಕ್ಕೇ ಟ್ಯಾಬ್ ತಗೊಳ್ಳುವಾಗ ಮೆಮೊರಿ ಕಾರ್ಡ್ ಹಾಕೋ ಜಾಗ ಇರೋದೇ ನೋಡಿ. ಸಾಗರದಲ್ಲಿ ಮಳೆಗಾಲ ಅಂದ್ರೆ ನೆಟ್‌ವರ್ಕ್ ಹೇಗಿರತ್ತೆ ಅಂತ ನಾನು ಹೇಳಬೇಕಾಗಿಲ್ಲ, ಇಳಿಸಿಟ್ಟುಕೊಂಡಿದ್ದೇ ನಮ್ಮದು.

ಟ್ಯಾಬ್‌ನ ತೊಂದರೆ ಎರಡು, ಭಾರ ಮತ್ತು ಬೆಳಕು. ಹತ್ತು ಇಂಚಿನ ಟ್ಯಾಬ್ ಹತ್ತತ್ರ ಅರ್ಧ ಕೇಜಿ ತೂಗತ್ತೆ, ಮಲಗಿ ಎತ್ತಿ ಹಿಡಿದು ಓದಿದ್ರೆ ಕಾಲು ಗಂಟೆಗೆ ಮಣಿಕಟ್ಟು ನೋಯತ್ತೆ. ಮನೇಲಿ ಹಳೇ ವ್ಯಾಸಪೀಠ ಇದ್ರೆ ಅದರ ಮೇಲೆ ಇಡಿ, ನಿಜವಾಗ್ಲೂ ಅದಕ್ಕಿಂತ ಒಳ್ಳೇ ಸ್ಟ್ಯಾಂಡ್ ನಾನು ನೋಡಿಲ್ಲ. ಬೆಳಕಿಗೆ ಸೆಟ್ಟಿಂಗ್ಸಲ್ಲಿ ಬ್ರೈಟ್‌ನೆಸ್ ತಗ್ಗಿಸಿ, ಹಳದಿ ಛಾಯೆ ಬರೋ ಆಯ್ಕೆ ಇರತ್ತೆ ಅದನ್ನ ಆನ್ ಮಾಡಿ, ಹಿಂದೆ ಒಂದು ದೀಪ ಹಚ್ಚಿಟ್ಟುಕೊಂಡೇ ಓದಿ, ಕತ್ತಲ ಕೋಣೇಲಿ ಟ್ಯಾಬ್ ಒಂದೇ ಹೊಳೀಬಾರ್ದು. ಕಣ್ಣು ದಣಿದ್ರೆ ಇನ್ನೊಂದು ಅನುಕೂಲ ಇದೆ, ಆಂಡ್ರಾಯ್ಡ್ ಟ್ಯಾಬಲ್ಲಿ ಗೂಗಲ್‌ನ ಕನ್ನಡ ಧ್ವನಿ ಇದೆ, ಅಕ್ಷರ ರೂಪದಲ್ಲಿರೋ ಪುಸ್ತಕವನ್ನ ಪ್ರಕಾಶಕರು ಬಿಟ್ಟಿದ್ರೆ ಗಟ್ಟಿಯಾಗಿ ಓದಿ ಹೇಳತ್ತೆ. ಭಾವ ಇರಲ್ಲ ಅದರಲ್ಲಿ, ಆದ್ರೂ ಮಧ್ಯಾಹ್ನ ಒರಗಿಕೊಂಡು ಕೇಳೋಕೆ ಆಗತ್ತೆ. ಆಡಿಯೋ ಪುಸ್ತಕಗಳಂತೂ ಕನ್ನಡದಲ್ಲೂ ಸಾಕಷ್ಟು ಬಂದಿವೆ.

ಒಂದು ಕೆಲಸ ಮಾಡಿ, ಕೊಳ್ಳೋಕೆ ಮುಂಚೆ ಅಳಿಯಂದಿರ ಟ್ಯಾಬಲ್ಲೋ ಪಕ್ಕದ ಮನೆಯವರ ಟ್ಯಾಬಲ್ಲೋ ನಿಮ್ಮದೇ ಒಂದು ಸ್ಕ್ಯಾನ್ ಪುಸ್ತಕ ತೆರೆದು ಇಪ್ಪತ್ತು ಪುಟ ಓದಿ. ಇಪ್ಪತ್ತು, ಎರಡಲ್ಲ. ಆಮೇಲೆ ದುಡ್ಡು ಕೊಡಿ.

ನಾ ಹುಬ್ಬಳ್ಳಿಯಂವ, ಬೆಂಗಳೂರಾಗ ಸಾಫ್ಟ್‌ವೇರ್ ಕೆಲಸಾ ಮಾಡ್ತೀನ್ರಿ. ಹದಿನೈದು ದಿವಸಕ್ಕೊಮ್ಮೆ ರಾತ್ರಿ ಗಾಡಿಗೆ ಊರಿಗೆ ಹೋಗ್ತೀನಿ. ಓದೂದು ಇಂಗ್ಲಿಷ್ ಕಾದಂಬರಿ ಜಾಸ್ತಿ, ಕನ್ನಡ ಅಪರೂಪಕ್ಕ. ದಿನಾ ಲ್ಯಾಪ್‌ಟಾಪ್ ನೋಡಿ ನೋಡಿ ಕಣ್ಣು ಉರಿತಾವ. ಟ್ಯಾಬ್ ತಗೊಂಡ್ರ ಸಿನಿಮಾನೂ ನೋಡಬಹುದು ಅಂತ ಗೆಳ್ಯಾರು ಅಂತಾರ. (ಹುಬ್ಬಳ್ಳಿ)

ನಿಮಗೆ ಇ-ರೀಡರೇ. ಗೆಳೆಯರು ಹೇಳಿದ್ದು ಸರಿ, ಟ್ಯಾಬಲ್ಲಿ ಸಿನಿಮಾ ನೋಡಬಹುದು, ಅದಕ್ಕೇ ನೀವು ಓದಲ್ಲ. ಪುಸ್ತಕ ತೆರೆದು ಮೂರು ಪುಟ ಆಗೋ ಹೊತ್ತಿಗೆ ಮೇಲೆ ಮೆಸೇಜ್ ಇಣುಕತ್ತೆ, ಆಫೀಸಿನ ಮೇಲ್ ಬರತ್ತೆ, ಕ್ರಿಕೆಟ್ ಸ್ಕೋರ್ ನೋಡೋಣ ಅನ್ಸತ್ತೆ. ಇ-ರೀಡರಲ್ಲಿ ಇದ್ಯಾವುದೂ ಇಲ್ಲ, ಬೇಜಾರಾದ್ರೂ ಇರೋದು ಪುಸ್ತಕ ಒಂದೇ. ದಿನವಿಡೀ ಸ್ಕ್ರೀನ್ ಮುಂದೆ ಕೂರೋರಿಗೆ ಕಣ್ಣಿಗಿಂತ ಮೊದಲು ಮನಸ್ಸಿಗೆ ಬಿಡುವು ಬೇಕು ಅಂತ ನನಗೆ ಅನ್ಸತ್ತೆ.

ರಾತ್ರಿ ಗಾಡೀಲಿ ಇದರ ಅನುಕೂಲ ನಾನು ಕಣ್ಣಾರೆ ಕಂಡಿದ್ದೀನಿ. ಎದುರು ಬರ್ತಲ್ಲಿ ಮಗು ಮಲಗಿರತ್ತೆ, ಲೈಟ್ ಆರಿಸಿ ಅಂತ ಯಾರೋ ಅಂತಾರೆ, ಇ-ರೀಡರ್ ದೀಪ ತೀರಾ ಸಣ್ಣಗೆ ಮಾಡ್ಕೊಂಡು ಅಪ್ಪರ್ ಬರ್ತಲ್ಲಿ ಯಾರಿಗೂ ತೊಂದರೆ ಆಗದ ಹಾಗೆ ಓದಬಹುದು. ಬೋಗೀಲಿ ರಾತ್ರಿ ಚಾರ್ಜಿಂಗ್ ಪಾಯಿಂಟಿಗೆ ಕರೆಂಟ್ ಇರತ್ತೆ ಅಂತ ನಂಬಿಕೊಂಡು ಹತ್ತಬೇಡಿ, ಬೆಂಕಿ ಅನಾಹುತ ಆಗಬಾರ್ದು ಅಂತ ರಾತ್ರಿ 11ರಿಂದ ಬೆಳಗ್ಗೆ 5ರ ತನಕ ಆಫ್ ಮಾಡೋ ಪದ್ಧತಿ ಇದೆ. ಇ-ರೀಡರಿಗೆ ಅದರ ಗೊಡವೆನೇ ಇಲ್ಲ.

ಬ್ಯಾಟರಿ ಬಗ್ಗೆ ಮಾತ್ರ ಒಂದು ಲೆಕ್ಕ ತಿಳ್ಕೊಂಡಿರಿ. ಕಿಂಡಲ್‌ನಲ್ಲೇ ಪೇಪರ್‌ವೈಟ್ ಅಂತ ಒಂದು ಮಾಡೆಲ್ ಇದೆ, ಅದರ ಜಾಹೀರಾತಲ್ಲಿ 12 ವಾರ ಬರತ್ತೆ ಅಂತ ಇರತ್ತೆ, ಕೆಳಗೆ ಸಣ್ಣಕ್ಷರದಲ್ಲಿ ದಿನಕ್ಕೆ ಅರ್ಧ ಗಂಟೆ ಓದಿದ್ರೆ, ವೈಫೈ ಆಫ್ ಇದ್ರೆ ಅಂತ. ಗುಣಿಸಿದ್ರೆ 42 ಗಂಟೆ. ಅಂದ್ರೆ ದಿನಾ ನಾಲ್ಕು ಗಂಟೆ ಓದೋರಿಗೆ ಹತ್ತು ದಿನ. ಟ್ಯಾಬ್ ಸಾಮಾನ್ಯವಾಗಿ ಒಂದು ಚಾರ್ಜಿಗೆ ಹತ್ತು ಗಂಟೆ ಓಡತ್ತೆ, ಹಾಗೆ ನೋಡಿದ್ರೂ ನಾಲ್ಕು ಪಟ್ಟು ಜಾಸ್ತಿನೇ ಆಯ್ತಲ್ಲ. ತೂಕ ಕೂಡ ಹಾಗೇ, ಆರು ಇಂಚಿನ ಕಿಂಡಲ್ 158 ಗ್ರಾಂ, ಏಳು ಇಂಚಿನ ಪೇಪರ್‌ವೈಟ್ 211 ಗ್ರಾಂ, ಒಂದೇ ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಗಿರ್ಮಿಟ್ ತಿನ್ನಬಹುದು. 2025ರಲ್ಲಿ ಈ ಏಳು ಇಂಚಿನದು ನಮ್ಮಲ್ಲಿ ಬಂದಾಗ ಬೆಲೆ 16,999 ಇತ್ತು, ಆ ದುಡ್ಡಿಗೆ ಟ್ಯಾಬ್ ಕೂಡ ಬರತ್ತೆ ಅನ್ನೋದು ನಿಜ, ನಿಮ್ಮ ಹತ್ರ ಲ್ಯಾಪ್‌ಟಾಪ್ ಇದೆ ಫೋನ್ ಇದೆ, ಮೂರನೇದೂ ಅಂಥದ್ದೇ ಹೊಳೆಯೋ ಪರದೆ ಯಾಕೆ?

ಇನ್ನು ಅಪರೂಪಕ್ಕೆ ಓದೋ ಕನ್ನಡ. ಅದಕ್ಕೆ ಒಂದು ಉಪಾಯ ಇದೆ, ನಾನು ತುಂಬಾ ದಿನದಿಂದ ಮಾಡ್ತಿರೋದು. ಓದಬೇಕಾದ ಬರಹ ಯೂನಿಕೋಡಲ್ಲಿದ್ರೆ, ಅಂದ್ರೆ ಈಗ ವೆಬ್‌ಸೈಟ್, ಫೋನಲ್ಲೆಲ್ಲ ಬಳಸೋ ಅಕ್ಷರ ಪದ್ಧತೀಲಿದ್ರೆ, ಲಿಬ್ರೆ ಆಫೀಸ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಿಗೆ ಹಾಕಿ, ಪುಟದ ಸೈಜ್ 9 ಸೆಂಟಿಮೀಟರ್ ಅಗಲ 12 ಸೆಂಟಿಮೀಟರ್ ಎತ್ತರ ಮಾಡಿ, ಅಂಚು ನಾಲ್ಕೂ ಕಡೆ ಕಾಲು ಸೆಂಟಿಮೀಟರ್ ಸಾಕು, ನೋಟೋ ಸೆರಿಫ್ ಕನ್ನಡ ಫಾಂಟ್ 13 ಪಾಯಿಂಟ್, ಪಿಡಿಎಫ್ ಮಾಡಿ ರೀಡರಿಗೆ ಕಳ್ಸಿ. ಪಿಡಿಎಫ್ ಒಳಗೇ ಅಕ್ಷರದ ಆಕಾರ ಸೇರಿರೋದ್ರಿಂದ ಒತ್ತಕ್ಷರ ಒಡೆಯಲ್ಲ, ಪುಟ ಪರದೆಗೆ ಹೊಲಿಸಿದ ಹಾಗೆ ಕೂರತ್ತೆ. ಇಪಬ್ ಅನ್ನೋ ಇ-ಪುಸ್ತಕದ ಫೈಲ್ ಮಾಡಿ ಕಳ್ಸಿದ್ರೆ ಕೆಲವು ರೀಡರಲ್ಲಿ ಒತ್ತು ಪಕ್ಕಕ್ಕೆ ಹೋಗಿ ಕೂರತ್ತೆ, ಮೊದಲು ಒಂದು ಸಣ್ಣ ಕಥೆ ಹಾಕಿ ನೋಡಿ. 'ನುಡಿ', 'ಬರಹ' ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ ಹಳೇ ಫೈಲ್ ಇದ್ರೆ ಯೂನಿಕೋಡಿಗೆ ಬದಲಾಯಿಸದೆ ಕಳಿಸ್ಲೇಬೇಡಿ, ಬರೀ ಇಂಗ್ಲಿಷ್ ಅಕ್ಷರ ಚಿಹ್ನೆಗಳ ಕಲಸುಮೇಲೋಗರ ಕಾಣ್ಸತ್ತೆ.

ಮಕ್ಕಳಿಗೆ 11 ಮತ್ತು 7 ವರ್ಷ. ರಜೆಯಲ್ಲಿ ಓದಲಿ ಅಂತ ಏನಾದರೂ ಕೊಡಿಸಬೇಕು. ಟ್ಯಾಬ್ ಕೊಡಿಸಿದರೆ ಬರೀ ಗೇಮ್ ಆಡುತ್ತಾರೆ ಅಂತ ನಮ್ಮ ಯಜಮಾನರು. ರಾತ್ರಿ ಮಲಗುವ ಮುಂಚೆ ಓದುವ ಅಭ್ಯಾಸ ಮಾಡಿಸಬೇಕು ಅಂತ ನನ್ನ ಆಸೆ. (ದಾವಣಗೆರೆ)

ಅಮ್ಮಾ, ನಿಮ್ಮ ಯಜಮಾನ್ರ ಭಯ ಸುಳ್ಳಲ್ಲ. ಆದ್ರೆ ಏಳು ವರ್ಷದ ಮಗು ಓದೋದು ಚಿತ್ರದ ಪುಸ್ತಕ, ಬಣ್ಣ ಬೇಕು, ಸಾಮಾನ್ಯ ಇ-ರೀಡರಲ್ಲಿ ಆನೆನೂ ಬೂದು, ಗಿಣಿನೂ ಬೂದು. ಬಣ್ಣದ ಇ-ರೀಡರ್ ಬಂದಿವೆ, ಬೆಲೆ ಜಾಸ್ತಿ, ಬಣ್ಣ ಪೇಪರ್ ಮೇಲೆ ತೊಳೆದ ಹಾಗೆ ಪೇಲವ, ಮಕ್ಕಳಿಗಾಗಿ ಅದನ್ನ ಕೊಳ್ಳಿ ಅಂತ ನಾನು ಹೇಳಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಪುಕ್ಕಟೆ ಇವೆ, ಓದೋ ಮಟ್ಟಕ್ಕೆ ತಕ್ಕ ಹಾಗೆ ಒಂದರಿಂದ ನಾಲ್ಕು ಹಂತ ಮಾಡಿದ್ದಾರೆ, ಚಿಕ್ಕೋರಿಗೆ ಒಂದನೇ ಹಂತ, ದೊಡ್ಡೋರಿಗೆ ಮೂರು ನಾಲ್ಕು. ಪುಸ್ತಕ ಇಳಿಸ್ಕೊಂಡು ವೈಫೈ ಆಫ್ ಮಾಡಿ ಟ್ಯಾಬ್ ಮಗು ಕೈಗೆ ಕೊಡಿ, ಅರ್ಧ ಗೇಮ್ ಅಲ್ಲೇ ನಿಂತುಹೋಗತ್ತೆ. ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿದ್ರೆ ದಿನಕ್ಕೆ ಎಷ್ಟು ಹೊತ್ತು, ಯಾವ ಆ್ಯಪ್ ಅಂತ ನಿಮ್ಮ ಫೋನಿಂದಲೇ ಗೊತ್ತು ಮಾಡಬಹುದು.

ರಾತ್ರಿ ಮಲಗೋ ಮುಂಚೆ ಮಾತ್ರ ಟ್ಯಾಬ್ ಬೇಡ. ಅಮೆರಿಕದ ಬಾಸ್ಟನ್‌ನಲ್ಲಿ ಒಂದು ಅಧ್ಯಯನ ಮಾಡಿದ್ರು, 2015ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಪತ್ರಿಕೇಲಿ ಅಚ್ಚಾಯ್ತು. 12 ಜನರಿಗೆ ಐದು ರಾತ್ರಿ ಮಲಗೋ ಮುಂಚೆ ನಾಲ್ಕು ಗಂಟೆ ಐಪ್ಯಾಡಲ್ಲಿ ಓದ್ಸಿದ್ರು, ಇನ್ನೈದು ರಾತ್ರಿ ಅಚ್ಚಾದ ಪುಸ್ತಕ. ಐಪ್ಯಾಡ್ ಓದಿದ ರಾತ್ರಿಗಳಲ್ಲಿ ನಿದ್ದೆ ಬರೋಕೆ ಹತ್ತತ್ರ ಹತ್ತು ನಿಮಿಷ ತಡ, ನಿದ್ದೆ ತರಿಸೋ ಮೆಲಟೋನಿನ್ ಹಾರ್ಮೋನ್ ಕೂಡ ಕಡಿಮೆ. ಇದನ್ನ ತೋರ್ಸಿ 'ಇ-ರೀಡರ್ ನಿದ್ದೆ ಕೆಡ್ಸತ್ತೆ' ಅಂತ ಪೇಪರಲ್ಲೆಲ್ಲಾ ಬಂತು, ಆ ಪ್ರಬಂಧದಲ್ಲಿ ಇ-ರೀಡರ್ ಅಂತ ಕರೆದಿದ್ದು ಪೂರ್ತಿ ಬೆಳಕಿಟ್ಟ ಐಪ್ಯಾಡನ್ನ, ಕಿಂಡಲ್ ಥರದ್ದನ್ನ ಅಲ್ಲ. ದೊಡ್ಡೋರ ಮೇಲೆ ಮಾಡಿದ್ದು, ಅದೂ ಹನ್ನೆರಡೇ ಜನ, ಇದೊಂದರ ಮೇಲೇ ಎಲ್ಲಾ ತೀರ್ಮಾನ ಮಾಡೋ ಹಾಗಿಲ್ಲ, ಆದ್ರೂ ನಾನು ನನ್ನ ಮನೇಲಿ ರಾತ್ರಿ ಎಂಟರ ಮೇಲೆ ಟ್ಯಾಬ್ ಬೀರು ಒಳಗೆ ಇಡ್ತೀನಿ. ರಾತ್ರಿಗೆ ಅಚ್ಚಾದ ಪುಸ್ತಕ, ನೀವು ಪಕ್ಕದಲ್ಲಿ ಕೂತು ಜೋರಾಗಿ ಓದಿ ಹೇಳಿ. ಆ ಜಾಗಕ್ಕೆ ಯಾವ ಮೆಷಿನ್ನೂ ಬೇಕಾಗಿಲ್ಲ.

ಸ್ಟುಟ್‌ಗಾರ್ಟ್‌ಗೆ ಬಂದು ನಾಲ್ಕು ವರ್ಷ ಆಯ್ತು. ಜರ್ಮನ್ ಕಲೀತಾ ಇದ್ದೀನಿ, ಸಿಟಿ ಲೈಬ್ರರಿ ಕಾರ್ಡ್ ಇದೆ. ಊರಿಗೆ ಬಂದಾಗೆಲ್ಲ ಸೂಟ್‌ಕೇಸಲ್ಲಿ ಎಂಟು ಹತ್ತು ಕೇಜಿ ಕನ್ನಡ ಪುಸ್ತಕ ಹೊತ್ತುಕೊಂಡು ಬರ್ತೀನಿ. ಇಲ್ಲೇ ಏನಾದ್ರೂ ರೀಡರ್ ತಗೊಳ್ಳಾ? (ಜರ್ಮನಿ)

ತಗೊಳ್ಳಿ, ಆದ್ರೆ ಅಭ್ಯಾಸಬಲದಲ್ಲಿ ಕಿಂಡಲ್ ತಗೊಂಡುಬಿಡಬೇಡಿ ತಂಗಿ. ನಿಮ್ಮೂರಿನ ಲೈಬ್ರರಿಗಳು ಇ-ಪುಸ್ತಕ ಎರವಲು ಕೊಡೋದು ಓನ್‌ಲೈಹೆ ಅನ್ನೋ ವ್ಯವಸ್ಥೇಲಿ, ಅದು ಕಿಂಡಲ್ ಮೇಲೆ ನಡಿಯಲ್ಲ. ಜರ್ಮನಿಯ ಪುಸ್ತಕದಂಗಡಿಗಳೇ ಸೇರಿ 2013ರಲ್ಲಿ ತಂದ ಟೋಲಿನೋ ಅಂತ ರೀಡರ್ ಇದೆ, ಅದರಲ್ಲಿ ನಡಿಯತ್ತೆ. ಭಾಷೆ ಕಲಿಯೋರಿಗೆ ಇ-ರೀಡರಿನ ದೊಡ್ಡ ಲಾಭ ಅಂದ್ರೆ ಗೊತ್ತಿಲ್ಲದ ಪದದ ಮೇಲೆ ಬೆರಳಿಟ್ರೆ ಅರ್ಥ ಬರೋದು, ಜರ್ಮನ್ ಉದ್ದುದ್ದ ಪದಗಳಿಗೆ ಅದು ಎಷ್ಟು ಬೇಕಾಗತ್ತೆ ಅಂತ ನಿಮಗೆ ನಾನೇನು ಹೇಳಲಿ. ಪುಕ್ಕಟೆ ಎರವಲು, ಪಕ್ಕದಲ್ಲೇ ನಿಘಂಟು, ಕಲಿಕೆ ಓಡತ್ತೆ.

ಕನ್ನಡಕ್ಕೆ ಎರಡು ದಾರಿ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕೊಂಡ ಪುಸ್ತಕಗಳಲ್ಲಿ ಹಲವನ್ನ ಎಕ್ಸ್‌ಪೋರ್ಟ್ ಮಾಡ್ಕೊಂಡು, ಕಾಪಿ ಮಾಡದ ಹಾಗೆ ಲಾಕ್ ಇದ್ರೆ ಅಡೋಬಿಯ ಸಾಫ್ಟ್‌ವೇರ್ ಮೂಲಕ ಟೋಲಿನೋ, ಕೋಬೊ ಥರದ ರೀಡರಿಗೆ ಹಾಕಬಹುದು, ಮೇಲೆ ಹುಬ್ಬಳ್ಳಿಯವರಿಗೆ ಹೇಳಿದ ಹಾಗೆ ಮೊದಲು ಒಂದೇ ಪುಸ್ತಕ ಹಾಕಿ ಒತ್ತಕ್ಷರ ಸರಿ ಬರತ್ತಾ ನೋಡಿ. ಮೈಲ್ಯಾಂಗ್ ಥರದವು ಅವರ ಆ್ಯಪಲ್ಲೇ ಓದಬೇಕು, ಅದಕ್ಕೆ ನಿಮ್ಮ ಫೋನ್ ಅಥವಾ ಟ್ಯಾಬ್. ಎರಡೂ ಒಂದರಲ್ಲೇ ಆಗಬೇಕು ಅಂದ್ರೆ ಆಂಡ್ರಾಯ್ಡ್ ಓಡೋ ಇ-ಇಂಕ್ ರೀಡರ್ ಇವೆ, ಬೂಕ್ಸ್ ಕಂಪನಿಯವು, ಅವುಗಳ ಮೇಲೆ ಪ್ಲೇ ಸ್ಟೋರಿನ ಆ್ಯಪ್ ಹಾಕಬಹುದು. ಕಾಗದದ ಥರ ಪರದೆ ಮೇಲೆ ಕನ್ನಡ ಆ್ಯಪ್ ಪುಸ್ತಕ ಓದೋ ಸುಖ ಅದರಲ್ಲಿ ಸಿಗತ್ತೆ, ಪುಟ ಸರಿಸುವಾಗ ಹಿಂದಿನ ಅಕ್ಷರದ ನೆರಳು ಉಳಿಯತ್ತೆ, ಬ್ಯಾಟರಿ ಕಿಂಡಲ್‌ನಷ್ಟು ಬರಲ್ಲ, ಬೆಲೆ ಟ್ಯಾಬಿಗಿಂತ ಜಾಸ್ತಿ. ನೀವು ಕನ್ನಡನೂ ಜರ್ಮನ್ನೂ ಎರಡನ್ನೂ ದಿನಾ ಓದ್ತೀರಿ ಅಂದ್ರೆ ಆ ದುಡ್ಡು ದಂಡ ಅಲ್ಲ.

ವಿಮಾನದಲ್ಲಿ ಒಂದು ಮಾತು. ಫ್ರಾಂಕ್‌ಫರ್ಟಿಂದ ಬೆಂಗಳೂರಿಗೆ ನೇರ ವಿಮಾನ ಹತ್ತಿದ್ರೂ ಒಂಬತ್ತು ಗಂಟೆ ಹತ್ರ. ರೀಡರ್, ಟ್ಯಾಬ್, ಪವರ್ ಬ್ಯಾಂಕ್ ಮೂರೂ ಕೈಚೀಲದಲ್ಲೇ ಇರಲಿ, ಪವರ್ ಬ್ಯಾಂಕನ್ನ ಚೆಕ್-ಇನ್ ಬ್ಯಾಗಿಗೆ ಹಾಕೋ ಹಾಗೇ ಇಲ್ಲ. 100 ವ್ಯಾಟ್ ಅವರ್ ತನಕ ಕೇಳದೆ ಒಯ್ಯಬಹುದು, 20,000 ಎಂಎಎಚ್‌ನದು 74 ಆಗತ್ತೆ, ಯೋಚನೆ ಇಲ್ಲ. ಆಮೇಲೆ ಪುಸ್ತಕ ಹೊತ್ತು ತರೋದು ಪೂರ್ತಿ ನಿಲ್ಲಿಸ್ಬೇಡಿ, ಇ-ಪುಸ್ತಕ ಆಗದೇ ಇರೋ ಒಳ್ಳೇ ಕನ್ನಡ ಪುಸ್ತಕಗಳೇ ಇನ್ನೂ ಜಾಸ್ತಿ. ಇ-ಪುಸ್ತಕ ಸಿಗೋದನ್ನ ಅಲ್ಲಿಂದ ಕೊಳ್ಳಿ, ಸೂಟ್‌ಕೇಸಿನ ಜಾಗನ ಇ-ಪುಸ್ತಕವಾಗಿ ಸಿಗದಿರೋ ಪುಸ್ತಕಗಳಿಗೆ ಇಟ್ಕೊಳ್ಳಿ.

ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಎಲ್ಲಾ ಪಿಡಿಎಫ್. ಪ್ರಿಂಟ್ ಹಾಕಿಸಿ ಹಾಕಿಸಿ ಸಾಕಾಗಿದೆ. ಕಡಿಮೆ ದುಡ್ಡಲ್ಲಿ ಏನು ತಗೊಳ್ಳಲಿ? ಕಿಂಡಲ್ ಓದೋರು ಜಾಸ್ತಿ ಓದ್ತಾರೆ ಅಂತ ಕೇಳಿದೀನಿ. (ರಾಯಚೂರು)

ಕಿಂಡಲ್ ಬೇಡವೇ ಬೇಡಮ್ಮ. ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ನಮ್ಮ ಶಾಲಾ ಪುಸ್ತಕಗಳೆಲ್ಲ ಪಿಡಿಎಫ್ ಆಗಿ ಪುಕ್ಕಟೆ ಇವೆ, ನೀವು ಓದೋದು ಅಂಥವೇ, ದೊಡ್ಡ ಪುಟ, ನಕ್ಷೆ, ಕೋಷ್ಟಕ, ಬಣ್ಣದ ಚಿತ್ರ. ಅದನ್ನ ಆರೇಳು ಇಂಚಿನ ಕಪ್ಪುಬಿಳುಪು ಪರದೇಲಿ ಓದೋದು ಶಿಕ್ಷೆ. ಹತ್ತು ಇಂಚಿಗಿಂತ ಕಮ್ಮಿ ಇರೋ ಟ್ಯಾಬೂ ತಗೋಬೇಡಿ. ಪೆನ್ನಲ್ಲಿ ಬರೆಯೋ ಥರದ್ದಾದ್ರೆ ಪಿಡಿಎಫ್ ಮೇಲೇ ಗೆರೆ ಎಳೆದು ಬದಿಯಲ್ಲಿ ಟಿಪ್ಪಣಿ ಮಾಡಬಹುದು, ಸ್ಯಾಮ್‌ಸಂಗಿನ ಟ್ಯಾಬ್ ಎಸ್6 ಲೈಟ್ ಜೊತೆ ಪೆನ್ ಡಬ್ಬಿಯಲ್ಲೇ ಬರತ್ತೆ, ಬೇರೆ ಕೆಲವಕ್ಕೆ ಪೆನ್ ಬೇರೆ ಕೊಳ್ಳಬೇಕು, ಆ ಖರ್ಚು ಸೇರಿಸಿ ಲೆಕ್ಕ ಹಾಕಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಅಂಗಡೀಲೇ ನಿಂತು ನಿಮ್ಮ ದೊಡ್ಡ ಪಿಡಿಎಫ್ ಒಂದನ್ನ ತೆರೆದು ನೂರು ಪುಟ ಸರಸರ ಸರಿಸಿ ನೋಡಿ, ತಡವರಿಸಿದ್ರೆ ಬೇಡ ಅನ್ನಿ, ಬ್ಯಾಟರಿ ಉಬ್ಬಿ ಹಿಂದಿನ ಕವರ್ ಎದ್ದಿದೆಯಾ ಅಂತ ಬೆರಳಾಡಿಸಿ ನೋಡಿ.

ರಾಯಚೂರಿನ ಬೇಸಿಗೆ ಗೊತ್ತಲ್ಲ, ಕಿಟಕಿ ಪಕ್ಕ ಬಿಸಿಲು ಬೀಳೋ ಕಡೆ ಚಾರ್ಜಿಗೆ ಇಡಬೇಡಿ, ಟ್ಯಾಬ್ ಕಾದು ತಾನೇ ಬ್ರೈಟ್‌ನೆಸ್ ಇಳಿಸತ್ತೆ, ಬ್ಯಾಟರಿ ಆಯಸ್ಸೂ ಕಮ್ಮಿ ಆಗತ್ತೆ. ಮುಖ್ಯ ಪರೀಕ್ಷೆ ಬರೆಯೋದು ಕೈಯಲ್ಲಿ ಅನ್ನೋದು ನೆನಪಿರಲಿ, ಓದೋದು ಟ್ಯಾಬಲ್ಲಿ ಆದ್ರೂ ಉತ್ತರ ಬರೆಯೋ ಅಭ್ಯಾಸ ದಿನಾ ಹಾಳೆ ಮೇಲೇ ಮಾಡಿ. ಮತ್ತೆ ಕಿಂಡಲ್ ಇರೋರು ಜಾಸ್ತಿ ಓದ್ತಾರೆ ಅನ್ನೋದಕ್ಕೆ ಕಾರಣ ಜಾಸ್ತಿ ಓದೋರೇ ಅದನ್ನ ಕೊಳ್ಳೋದು ಇರಬಹುದು, ನೀವು ಈಗಾಗ್ಲೇ ಓದ್ತಾ ಇದ್ದೀರಿ.

ಮೂಡಿಗೆರೆ ಹತ್ರ ತೋಟದ ಮನೆ. ಮಳೆ, ಥಂಡಿ, ವಾರಗಟ್ಟಲೆ ಕರೆಂಟ್ ಇರಲ್ಲ. ಇಂಗ್ಲಿಷ್ ಪುಸ್ತಕ ಓದ್ತೀನಿ. ಇ-ರೀಡರ್ ಸ್ಕ್ರೀನ್ ಬೇಗ ಒಡೆಯತ್ತೆ ಅಂತಾರೆ, ನಿಜವಾ? (ಚಿಕ್ಕಮಗಳೂರು ಜಿಲ್ಲೆ)

ನಿಜ. ಹೊರಗಿನಿಂದ ಪ್ಲಾಸ್ಟಿಕ್ ಥರ ಕಾಣ್ಸತ್ತೆ, ಒಳಗೆ ಬಹುತೇಕ ರೀಡರಲ್ಲಿ ತೆಳು ಗಾಜಿನ ಪದರ ಇದೆ, ಬಿದ್ದು ಒಡೆಯೋದಕ್ಕಿಂತ ಒತ್ತಿ ಒಡೆಯೋದೇ ಜಾಸ್ತಿ. ನನ್ನ ಮೊದಲನೇ ರೀಡರ್ ಹೋಗಿದ್ದು ಹಾಗೇ, ಬಸ್ಸಲ್ಲಿ ಬೆನ್ನಚೀಲದೊಳಗೆ ಬಟ್ಟೆ ಮಧ್ಯೆ ಇಟ್ಟಿದ್ದೆ, ಅದೇ ಚೀಲದಲ್ಲಿ ಸ್ಟೀಲ್ ಟಿಫಿನ್ ಡಬ್ಬಿ, ಮೇಲೆ ಇನ್ಯಾರದೋ ಮೂಟೆ. ಇಳಿದು ತೆರೆದ್ರೆ ಅರ್ಧ ಪರದೇಲಿ ಹಿಂದಿನ ರಾತ್ರಿ ಓದಿದ ಪುಟ ಹಾಗೇ ನಿಂತಿದೆ, ಉಳಿದರ್ಧ ಬರೀ ಗೆರೆ. ಸ್ಕ್ರೀನ್ ಬದಲಾಯಿಸೋ ಖರ್ಚು ಕೇಳಿದ್ರೆ ಹೊಸದೇ ತಗೊಳ್ಳಬಹುದು ಅನ್ನೋ ಹಾಗಿತ್ತು. ಆವತ್ತಿಂದ ಗಟ್ಟಿ ಮುಚ್ಚಳ ಇರೋ ಕವರ್ ಇಲ್ಲದೆ ರೀಡರ್ ಮನೆ ದಾಟಲ್ಲ, ಚೀಲದಲ್ಲಿ ಬೆನ್ನಿಗೆ ತಾಗೋ ಕಡೆ ನೋಟ್‌ಬುಕ್ ಪಕ್ಕ ಅದರ ಜಾಗ.

ಒಡೆಯೋ ಭಯಕ್ಕೆ ನೀವು ಬಿಡಬೇಡಿ, ನೀವು ಹೇಳಿದ ಪರಿಸ್ಥಿತಿಗೆ ಇ-ರೀಡರೇ ಸರಿ. ಕರೆಂಟ್ ಹೋಗಿ ವಾರ ಆದ್ರೂ ಓದ್ತಾ ಇರಬಹುದು, ಒಂದು ಸಣ್ಣ ಪವರ್ ಬ್ಯಾಂಕಿಂದ ನಾಲ್ಕಾರು ಸಲ ತುಂಬಿಸಬಹುದು, ಟ್ಯಾಬಿಗೆ ಅದೇ ಪವರ್ ಬ್ಯಾಂಕ್ ಒಂದು ಸಲಕ್ಕೂ ಸಾಲದೇ ಹೋಗಬಹುದು. ಪೇಪರ್‌ವೈಟಿಗೆ 2018ರಿಂದ ನೀರು ತಡೆಯೋ ಗುಣ ಇದೆ, ಎರಡು ಮೀಟರ್ ಸಿಹಿನೀರಲ್ಲಿ ಒಂದು ಗಂಟೆ ತನಕ ಅಂತ ಅದರ ಅಳತೆ, ಅಗ್ಗದ ಆರು ಇಂಚಿನದಕ್ಕೆ ಇಲ್ಲ, ನಿಮ್ಮ ಕಡೆ ಮಳೆಗೆ ಈ ಒಂದು ಕಾರಣಕ್ಕೇ ಜಾಸ್ತಿ ದುಡ್ಡು ಕೊಡಬಹುದು. ಒದ್ದೆ ಆದಾಗ ಚಾರ್ಜಿಗೆ ಮಾತ್ರ ಹಾಕಬೇಡಿ, ತೂತು ಪೂರ್ತಿ ಒಣಗಲಿ, ಒಲೆ ಹತ್ರ ಇಟ್ಟು ಒಣಗಿಸೋದೂ ಬೇಡ. ಪುಸ್ತಕಗಳನ್ನ ಮೇ ತಿಂಗಳಲ್ಲೇ ಪೇಟೆಗೆ ಹೋದಾಗ ಒಳ್ಳೇ ವೈಫೈ ಇರೋ ಕಡೆ ಕೂತು ಇಳಿಸಿಕೊಂಡು ಬನ್ನಿ, ಒಂದೊಂದನ್ನೂ ತೆರೆದು ನೋಡಿ, ಪಟ್ಟಿಯಲ್ಲಿ ಹೆಸರು ಕಂಡ ಮಾತ್ರಕ್ಕೆ ಪುಸ್ತಕ ಇಳಿದಿರತ್ತೆ ಅಂತಿಲ್ಲ. ಜೂನ್ ಬಂದ ಮೇಲೆ ಸಿಗ್ನಲ್ ಹುಡುಕ್ಕೊಂಡು ಗುಡ್ಡ ಹತ್ತೋ ಹಾಗಾಗಬಾರ್ದು.